ಬೆನ್ನಿನ ಬಾಗು

ಶ್ರೀಮಠದ ಪ್ರೌಢಶಾಲೆಯಲ್ಲಿ 1970ರಿಂದ 2005ರವರೆಗೆ ವ್ಯಾಯಾಮ ಶಿಕ್ಷಕರಾಗಿದ್ದ ಮೇಷ್ಟರನ್ನು ಆ ಕಾಲದ ವಿದ್ಯಾರ್ಥಿಗಳಾರೂ ಮರೆತಿರಲಾರರು. ಹೆಸರು ಹೇಳದಿದ್ದರೂ ಗುರುತು ಸಿಕ್ಕೀತು. ಪ್ರಾರ್ಥನೆ ಮುಗಿದೊಡನೆ ಧ್ವಜಸ್ತಂಭದ ಬಳಿ ನಿಂತು ಅವರು “ಸಾವಧಾನ್” ಎಂದರೆ ಪ್ರಸಾದನಿಲಯದ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದವರೂ ಕ್ಷಣಕಾಲ ಕೈ ನಿಲ್ಲಿಸುತ್ತಿದ್ದರೆಂಬ ಮಾತು ಆಗ ಪ್ರಚಾರದಲ್ಲಿತ್ತು. “ನೆಟ್ಟಗೆ ನಿಲ್ಲು” ಎಂಬ ಎರಡು ಪದಗಳಲ್ಲಿ ಅವರ ಶಿಕ್ಷಣಶಾಸ್ತ್ರವೆಲ್ಲ ಅಡಗಿತ್ತು. ಬಾಗಿದ ಬೆನ್ನು ಅವರ ಕಣ್ಣಿಗೆ ಸೋಮಾರಿತನದ ಲಕ್ಷಣ, ಇಲ್ಲವೇ ಅಂಜುಬುರುಕುತನದ ಲಕ್ಷಣ. ಮೂರನೆಯ ಕಾರಣವೊಂದಿರಬಹುದೆಂಬ ಕಲ್ಪನೆ ಅವರಿಗಿರಲಿಲ್ಲ. ಅಂಥ ಹುಡುಗರಿಗೆ ಗೋಡೆಯೇ ಮದ್ದು. ಹಿಮ್ಮಡಿ, ಪೃಷ್ಠ, ಭುಜ, ತಲೆಯ ಹಿಂಬದಿ ಇವು ನಾಲ್ಕೂ ಗೋಡೆಗೆ ತಾಗುವಂತೆ ಹತ್ತು ನಿಮಿಷ ನಿಲ್ಲಬೇಕು. ತಾಗದಿದ್ದರೆ ಇನ್ನೂ ಹತ್ತು ನಿಮಿಷ.

ಅಂತಹ ಮೇಷ್ಟರಿಗೆ ಎಪ್ಪತ್ತೆಂಟರ ಪ್ರಾಯದಲ್ಲಿ ತಮ್ಮ ಬೆನ್ನಿನ ಸಮಾಚಾರವನ್ನು ಮೊದಲು ತಿಳಿಸಿದ್ದು ಒಂದು ಜುಬ್ಬ. ಹೊಸದಾಗಿ ಹೊಲಿಸಿದ ಜುಬ್ಬದ ಅಂಚು ಮುಂದೆ ಇಳಿದು ಹಿಂದೆ ಏರಿತ್ತು. “ದರ್ಜಿ ಅಳತೆ ತಪ್ಪಿದ್ದಾನೆ ಮಾವ, ವಾಪಸ್ಸು ಕೊಡೋಣ” ಎಂದಳು ಸೊಸೆ. ಹಾಸಿಗೆಯ ಮೇಲೆ ಹರಡಿ ಅಳೆದು ನೋಡಿದರೆ ಹಿಂದುಮುಂದು ಸರಿಸಮ. ದರ್ಜಿ ತಪ್ಪಿರಲಿಲ್ಲ. ಅದಾದ ಮೇಲೆ ಅವರು ತಮ್ಮನ್ನು ತಾವೇ ಗಮನಿಸತೊಡಗಿದರು. ಬೆಳಗಿನ ಶಿವಪೂಜೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿ ಕುಳಿತರೆ, ಮೊದಲು ಅರ್ಧ ಗಂಟೆ ಅಲುಗದಿದ್ದ ಬೆನ್ನು ಈಗ ಹತ್ತು ನಿಮಿಷಕ್ಕೇ ಕುಸಿಯುತ್ತಿತ್ತು. ನೋವು ಅಷ್ಟೇನೂ ಇರಲಿಲ್ಲ. ದಿನಕ್ಕೆ ಮೂರು ಮೈಲಿ ನಡೆಯುವ ಶಕ್ತಿಯೂ ಇತ್ತು. ಇದ್ದದ್ದು ನಾಚಿಕೆ.

ಮಗನ ಒತ್ತಾಯದಿಂದ ಒಬ್ಬ ವೈದ್ಯರನ್ನು ಕಂಡದ್ದಾಯಿತು. ಅಲ್ಲಿ ಮಂಚದ ಮೇಲೆ ಮಲಗಿಸಿ ಸೊಂಟದ ಎಕ್ಸರೇ ತೆಗೆದರು. ಬೆನ್ನೆಲುಬು ಸವೆದಿದೆ, ಬಾಗಿದೆ, ಮುಂದೆ ಸ್ಕ್ರೂ ಹಾಕಿ ನೇರಗೊಳಿಸಬೇಕಾದೀತು ಎಂದು ಹೇಳಿ ಅಗಲವಾದ ಬೆಲ್ಟೊಂದನ್ನು ಕೊಟ್ಟು ಕಳಿಸಿದರು. ಮೇಷ್ಟರು ಆ ಬೆಲ್ಟನ್ನು ಬಿಗಿದುಕೊಂಡು ಎರಡು ತಿಂಗಳು ಓಡಾಡಿದರು. ತೋಟದ ಮೇಲೆ ಸಾಲ ತೆಗೆದು ಶಸ್ತ್ರಚಿಕಿತ್ಸೆ ಮಾಡಿಸುವ ಮಾತು ಮನೆಯ ಜಗಲಿಯ ಮೇಲೆ ನಡೆಯಿತು. ಮೂವತ್ತೈದು ವರ್ಷ ಊರಿನ ಮಕ್ಕಳನ್ನು ನೆಟ್ಟಗೆ ನಿಲ್ಲಿಸಿದವರು ತಾವೇ ನೆಟ್ಟಗೆ ನಿಲ್ಲಲಾರದೆ ಹೋದರೆಂಬ ಕೊರಗಿನಲ್ಲಿ ಅವರು ಅದಕ್ಕೂ ಒಪ್ಪಿಬಿಡುತ್ತಿದ್ದರೇನೋ. ಆದರೆ ಹಳೆಯ ವಿದ್ಯಾರ್ಥಿಯೊಬ್ಬರ ಸಲಹೆಯಂತೆ ಜಿಲ್ಲಾ ಕೇಂದ್ರದಲ್ಲಿ ಬೆನ್ನಿನ ವಿಷಯದಲ್ಲೇ ಪರಿಶ್ರಮವುಳ್ಳ ಇನ್ನೊಬ್ಬ ವೈದ್ಯರಿಗೂ ತೋರಿಸುವುದೆಂದಾಯಿತು.

ಈ ವೈದ್ಯರು ಹಳೆಯ ಫಿಲಮ್ಮನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಮಲಗಿದವನ ಬೆನ್ನನ್ನು ನೋಡಿ ಅವನು ನಿಲ್ಲುವ ಬಗೆಯನ್ನು ಹೇಳಲಾಗದು ಎಂದರು. ಅನಂತರ ತಲೆಯಿಂದ ತೊಡೆಯವರೆಗೆ ಒಂದೇ ಉದ್ದನೆಯ ಫಿಲಂ, ಪಕ್ಕದಿಂದ, ನಿಂತ ಭಂಗಿಯಲ್ಲಿ. ಕೈಗಳು ಜೋತು ಬಿದ್ದಿದ್ದರೆ ಮೂಳೆಗಳಿಗೆ ಅಡ್ಡ ಬರುತ್ತವೆಂದು ಬೆರಳ ತುದಿಗಳನ್ನು ಕೊರಳೆಲುಬಿನ ಮೇಲಿಡಿಸಿದರು. “ಸಾವಧಾನ್ ಬೇಡ, ನೀವು ಬಸ್ಸಿಗೆ ಕಾಯುವಾಗ ನಿಲ್ಲುವ ಹಾಗೆ ನಿಂತುಕೊಳ್ಳಿ” ಎಂದು ತಂತ್ರಜ್ಞ ಹೇಳಬೇಕಾಯಿತಂತೆ.

ಫಿಲಂ ಬಂದ ಮೇಲೆ ವೈದ್ಯರು ಹೇಳಿದ್ದನ್ನು ಮೇಷ್ಟರು ಮನೆಗೆ ಬಂದು ಹಳೆಯ ಡೈರಿಯಲ್ಲಿ ಎರಡು ಪುಟ ಬರೆದಿಟ್ಟಿದ್ದಾರೆ. ಅದರ ಸಾರಾಂಶ ಇಲ್ಲಿ ಉಚಿತವಾದೀತು. ಏಕೆಂದರೆ ಬೆನ್ನೆಲುಬು ಎಂದೊಡನೆ ಕಂಬವನ್ನು ನೆನೆಯುವ ಅಭ್ಯಾಸ ಓದಿದವರಲ್ಲಿಯೂ ಉಂಟು.

ಬೆನ್ನೆಲುಬು ಕಂಬವಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ 24 ಮಣಿಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗೆ ಐದು ಮಣಿಗಳು ಬೆಸೆದುಕೊಂಡು ಆದ ತ್ರಿಕಾಸ್ಥಿ. ಅದರ ತುದಿಗೆ ಬಾಲದ ಗುರುತಾಗಿ ಉಳಿದ ಪುಟ್ಟ ಮೂಳೆ. ಪಕ್ಕದಿಂದ ನೋಡಿದರೆ ಕುತ್ತಿಗೆ ಒಳಕ್ಕೆ, ಎದೆಯ ಭಾಗ ಹೊರಕ್ಕೆ, ಸೊಂಟ ಮತ್ತೆ ಒಳಕ್ಕೆ ಬಾಗಿರುತ್ತದೆ. ಹುಟ್ಟಿದ ಮಗುವಿನ ಬೆನ್ನು ಹೊರಕ್ಕೆ ಬಾಗಿದ ಒಂದೇ ಕಮಾನು. ಮಗು ತಲೆ ಎತ್ತಿದಾಗ ಕುತ್ತಿಗೆಯ ಒಳಬಾಗು ಮೂಡುತ್ತದೆ, ಎದ್ದು ನಿಂತು ನಡೆದಾಗ ಸೊಂಟದ ಒಳಬಾಗು ಗಟ್ಟಿಗೊಳ್ಳುತ್ತದೆ. ಎಂದರೆ, ಮನುಷ್ಯ ನೆಟ್ಟಗೆ ನಿಲ್ಲುವುದಕ್ಕಾಗಿಯೇ ಅವನ ಬೆನ್ನು ಬಾಗಿತು. “ಇದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ” ಎಂದು ಡೈರಿಯ ಅಂಚಿನಲ್ಲಿ ಮೇಷ್ಟರು ಬರೆದಿದ್ದಾರೆ. ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಅಸ್ಥಿಪಂಜರದ ಚಿತ್ರಪಟ ಎಷ್ಟೋ ವರ್ಷಗಳಿಂದ ತೂಗುತ್ತಿತ್ತೆಂಬುದು ಬೇರೆ ಮಾತು. ಅದು ಎದುರಿನಿಂದ ಬರೆದ ಚಿತ್ರ. ಎದುರಿನಿಂದ ನೋಡಿದರೆ ಬೆನ್ನು ನೇರವೇ.

ಆ ಬಾಗು ಎಷ್ಟಿರಬೇಕು? ಇಲ್ಲಿಯೇ ವಿಷಯದ ಸ್ವಾರಸ್ಯವಿರುವುದು. ಎಲ್ಲರಿಗೂ ಒಪ್ಪುವ ಒಂದು ಅಳತೆ ಇಲ್ಲ. ಬೆನ್ನಿನ ಬಾಗನ್ನು ನಿರ್ಧರಿಸುವುದು ಬೆನ್ನಲ್ಲ, ಅದು ನಿಂತಿರುವ ಪೀಠ. ಎಂದರೆ ಸೊಂಟದ ಬಟ್ಟಲು, ಶಾಸ್ತ್ರದ ಮಾತಿನಲ್ಲಿ ಶ್ರೋಣಿ. ಫ್ರಾನ್ಸಿನ ಶಸ್ತ್ರವೈದ್ಯ ಝಾಂ ಡ್ಯುಬುಸೆ ಇದನ್ನು ಶ್ರೋಣಿಯೆಂಬ ಮಣಿ ಎಂದೇ ಕರೆದು ಬೆನ್ನೆಲುಬಿನ ಲೆಕ್ಕಕ್ಕೆ ಸೇರಿಸಿದರು. ಅದೇ ದೇಶದ ಜಿನೆಟ್ ಡ್ಯುವಾಲ್-ಬೋಪೇರ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಈ ಪೀಠಕ್ಕೊಂದು ಕೋನವನ್ನು ಗುರುತಿಸಿದರು. ತ್ರಿಕಾಸ್ಥಿಯ ಮೇಲ್ಮೈ ಎರಡು ತೊಡೆಮೂಳೆಗಳ ಗುಂಡುತಲೆಗಳಿಗಿಂತ ಎಷ್ಟು ಹಿಂದೆ, ಯಾವ ವಾಲಿನಲ್ಲಿ ಕುಳಿತಿದೆಯೆಂಬುದನ್ನು ಆ ಕೋನ ಹೇಳುತ್ತದೆ. ವೈದ್ಯರು ಅದನ್ನು ಪೆಲ್ವಿಕ್ ಇನ್ಸಿಡೆನ್ಸ್ ಎನ್ನುತ್ತಾರೆ. ಇಲ್ಲಿ ಪೀಠಕೋನವೆಂದರೆ ಸಾಕು. ಬೆಳವಣಿಗೆ ನಿಂತ ಮೇಲೆ ಅದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸರಾಸರಿ 50ರಿಂದ 55 ಡಿಗ್ರಿ ಎಂದರೂ, ಪೂರ್ಣ ಆರೋಗ್ಯವಂತರಲ್ಲಿಯೇ ಒಬ್ಬರಿಗೆ 35, ಇನ್ನೊಬ್ಬರಿಗೆ 80 ಇರಬಹುದು. ಕೋನ ಸಣ್ಣದಿದ್ದವರ ಸೊಂಟ ಸಪಾಟು, ದೊಡ್ಡದಿದ್ದವರ ಸೊಂಟ ಆಳವಾದ ಕಮಾನು. ಯೌವನದಲ್ಲಿ ಸೊಂಟದ ಒಳಬಾಗು ಈ ಕೋನಕ್ಕೆ ಹತ್ತು ಡಿಗ್ರಿಯ ಆಚೀಚೆ ಇದ್ದರೆ ದೇಹ ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆ. ಒಬ್ಬನ ನೇರ ಇನ್ನೊಬ್ಬನಿಗೆ ವಕ್ರ.

ಗಣಿತದ ಮೇಲೆ ಪ್ರೀತಿಯಿದ್ದ ಮೇಷ್ಟರಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಈ ಕೋನವನ್ನು ಎರಡು ಭಾಗ ಮಾಡಬಹುದು. ತ್ರಿಕಾಸ್ಥಿಯ ಮೇಲ್ಮೈ ನೆಲಕ್ಕೆ ಹೋಲಿಸಿದರೆ ಎಷ್ಟು ಇಳಿಜಾರಾಗಿದೆಯೆಂಬುದು ಒಂದು. ಶ್ರೋಣಿ ಎಷ್ಟು ಹಿಂದಕ್ಕೆ ಒರಗಿದೆಯೆಂಬುದು ಇನ್ನೊಂದು. ಎರಡರ ಮೊತ್ತ ಯಾವಾಗಲೂ ಪೀಠಕೋನವೇ. ಮೇಷ್ಟರ ಫಿಲಮ್ಮಿನಲ್ಲಿ ಇಳಿಜಾರು 29, ಒರಗು 23, ಕೂಡಿದರೆ 52. ಒಂದು ಹೆಚ್ಚಿದರೆ ಇನ್ನೊಂದು ಇಳಿಯಲೇಬೇಕು.

ಮುಪ್ಪಿನಲ್ಲಿ ನಡೆಯುವುದು ಇದೇ. ಮಣಿಗಳ ನಡುವಿನ ಮೆತ್ತೆಗಳು ನೀರು ಕಳೆದುಕೊಂಡು ತಗ್ಗುತ್ತವೆ. ಬೆನ್ನೆಲುಬಿನ ಉದ್ದದಲ್ಲಿ ಕಾಲುಭಾಗದಷ್ಟು ಈ ಮೆತ್ತೆಗಳದೇ ಆದುದರಿಂದ ಆಳು ಗಿಡ್ಡನಾಗುತ್ತಾನೆ. ಸೊಂಟದ ಒಳಬಾಗು ಮಾಸುತ್ತದೆ, ಎದೆಯ ಹಿಂದಿನ ಹೊರಬಾಗು ಹೆಚ್ಚುತ್ತದೆ, ಬೆನ್ನ ಸ್ನಾಯುಗಳು ಸಡಿಲುತ್ತವೆ, ಮೈಭಾರ ಮುಂದಕ್ಕೆ ಜಾರುತ್ತದೆ. ಆಗ ದೇಹ ಕೈಕಟ್ಟಿ ಕೂರುವುದಿಲ್ಲ. ಶ್ರೋಣಿಯನ್ನು ಹಿಂದಕ್ಕೆ ಒರಗಿಸುತ್ತದೆ. ಅದು ಸಾಲದಿದ್ದರೆ ಮೊಣಕಾಲನ್ನು ತುಸು ಮಡಿಸುತ್ತದೆ. ಕುತ್ತಿಗೆಯನ್ನು ಎತ್ತಿ ಕಣ್ಣನ್ನು ಎದುರಿನ ದಾರಿಗೆ ನಿಲ್ಲಿಸುತ್ತದೆ. ಪಾದಗಳ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಕಿರಿದಾದ ಶಂಕುವೊಂದನ್ನು ಊಹಿಸಿದರೆ, ಅದರೊಳಗೆ ತೂಗಾಡುವವರೆಗೆ ದೇಹಕ್ಕೆ ನಿಲ್ಲುವುದು ಹಗುರ. ಅದರಾಚೆ ಹೋದರೆ ಸ್ನಾಯುಗಳು ದಣಿಯುತ್ತವೆ, ಕೋಲು ಬೇಕಾಗುತ್ತದೆ ಎಂಬುದು ಡ್ಯುಬುಸೆಯವರದೇ ವಿವರಣೆ. ಮುದುಕನ ನಿಲುವು ಸೋತ ನಿಲುವೆಂದು ಹೊರಗಿನವರಿಗೆ ಕಾಣುತ್ತದೆ. ಒಳಗೆ ಅಷ್ಟೊಂದು ಹೊಂದಾಣಿಕೆ ನಡೆದಿರುತ್ತದೆ.

ಗಾರೆಯವನು ಗೋಡೆ ಪರೀಕ್ಷಿಸಲು ತೂಕದ ಗುಂಡು ಇಳಿಬಿಡುವಂತೆ, ವೈದ್ಯರು ಫಿಲಮ್ಮಿನ ಮೇಲೆ ಕುತ್ತಿಗೆಯ ಏಳನೆಯ ಮಣಿಯಿಂದ ನೇರ ಕೆಳಕ್ಕೆ ಗೆರೆ ಎಳೆದರು. ಅದು ತ್ರಿಕಾಸ್ಥಿಯ ಹಿಂಬದಿಯ ಮೇಲ್ತುದಿಗಿಂತ 5.8 ಸೆಂಟಿಮೀಟರು ಮುಂದೆ ಬಿತ್ತು. 5 ಸೆಂಟಿಮೀಟರು ದಾಟಬಾರದೆಂಬುದು ಬಹುಕಾಲ ಬಳಕೆಯಲ್ಲಿದ್ದ ಗಡಿ. ಮೇಷ್ಟರ ಮುಖ ಬಾಡಿತು. ಆದರೆ ಈ ಗಡಿಯನ್ನು ಇಪ್ಪತ್ತರವರಿಗೂ ಎಂಬತ್ತರವರಿಗೂ ಒಂದೇ ಆಗಿ ಹಿಡಿಯುವುದು ಸರಿಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಎತ್ತಿದ್ದಾರೆ. ಅಮೆರಿಕದಲ್ಲಿ ರೆನೋ ಲಫಾಜ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಈ ಅಂತರದ ಯೋಗ್ಯವಾದ ಗುರಿ 35ರ ಒಳಗಿನವರಿಗೆ ಅರ್ಧ ಸೆಂಟಿಮೀಟರಿಗೂ ಕಡಿಮೆ, 75 ದಾಟಿದವರಿಗೆ ಹೆಚ್ಚುಕಡಿಮೆ 8 ಸೆಂಟಿಮೀಟರು. ಶ್ರೋಣಿಯ ಒರಗು ಕಿರಿಯರಿಗೆ 11 ಡಿಗ್ರಿಯಾದರೆ ಹಿರಿಯರಿಗೆ 28ರವರೆಗೂ ಸಲ್ಲುತ್ತದೆ. ಮುದುಕರನ್ನು ಹುಡುಗರ ಅಳತೆಗೆ ನೇರಗೊಳಿಸಲು ಹೋದರೆ ಅದು ಅತಿಯಾದೀತು. “ಶಸ್ತ್ರಚಿಕಿತ್ಸೆ ಯಾಕೆ ಸಾರ್? ನಿಮ್ಮ ವಯಸ್ಸಿಗೆ ಇದು ಆರೋಗ್ಯವಾದ ಬೆನ್ನು” ಎಂದು ವೈದ್ಯರು ಬೆಲ್ಟನ್ನು ಬಿಚ್ಚಿಸಿದರು. ಅದು ಸ್ನಾಯುಗಳ ಕೆಲಸವನ್ನು ಕಸಿದುಕೊಂಡು ಅವನ್ನು ಇನ್ನಷ್ಟು ದುರ್ಬಲಗೊಳಿಸೀತೆಂಬುದು ಅವರ ಆತಂಕ. ಬೋರಲು ಮಲಗಿ ಎದೆ ಎತ್ತುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ನಡಿಗೆ, ಇಷ್ಟನ್ನು ಹೇಳಿಕೊಟ್ಟರು. ಬಾಗು ಪೂರಾ ಹೋಗುವುದಿಲ್ಲವೆಂದೂ ಸೇರಿಸಿದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದಾಗ ಶ್ರೋಣಿ ಹಿಂದಕ್ಕುರುಳಿ ಸೊಂಟದ ಒಳಬಾಗು ಅಳಿಸಿಹೋಗುತ್ತದೆ. ಆದುದರಿಂದ ಪೂಜೆಗೆ ಕೂರುವಾಗ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಪೃಷ್ಠದ ಕೆಳಗಿಟ್ಟುಕೊಳ್ಳಿ ಎಂದರು. ಮರುದಿನವೇ ಮೇಷ್ಟರು ಹಾಗೆ ಮಾಡಿದರು. ಅರ್ಧ ಗಂಟೆ ಅಲ್ಲದಿದ್ದರೂ ಇಪ್ಪತ್ತು ನಿಮಿಷ ದೃಷ್ಟಿ ನಿಂತಿತು.

ಮುಪ್ಪಿನ ಬಾಗೆಲ್ಲವೂ ಸಹಜವೆಂದು ಇದರಿಂದ ತಿಳಿಯಬಾರದು. ಮನೆಯಲ್ಲಿ ಬೇರೆ ಯಾರಿಗಾದರೂ ಬೆನ್ನು ಬಾಗಿತ್ತೇ ಎಂದು ವೈದ್ಯರು ಕೇಳಿದಾಗ ಮೇಷ್ಟರು ತಮ್ಮ ಅಕ್ಕನ ವಿಷಯ ಹೇಳಿದರು. ಆಕೆ ಒಂದು ದಿನ ಬಚ್ಚಲುಮನೆಯಲ್ಲಿ ನೀರಿನ ಕೊಡ ಎತ್ತುವಾಗ ಬೆನ್ನಲ್ಲಿ ಚಳಕ್ ಎಂದಿತೆಂದು ಕುಳಿತುಬಿಟ್ಟಿದ್ದರು. ಒಂದೂವರೆ ವರ್ಷದಲ್ಲಿ ಅವರ ಎತ್ತರ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ವಯಸ್ಸಾಯಿತು ಎಂದರು ಮನೆಯವರು. ಆಕೆಯ ಫಿಲಂ ಯಾರೂ ತೆಗೆಸಲಿಲ್ಲ. ಮೂಳೆ ಟೊಳ್ಳಾಗಿ ಮಣಿಗಳು ಒಳಗೇ ಕುಸಿದಾಗ ಹೀಗೆಯೇ ಆಗುತ್ತದಂತೆ, ಅದಕ್ಕೆ ಔಷಧವಿದೆ. ಎತ್ತರ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ, ಸಣ್ಣ ಭಾರ ಎತ್ತಿದ ಮೇಲೆ ನೋವು ನಿಂತುಬಿಟ್ಟರೆ, ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ವಯಸ್ಸಿನ ಹೆಸರು ಹೇಳಿ ಕೂರಬಾರದು. ಮೇಷ್ಟರು ಇದನ್ನು ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಸೊಸೆಗೆ ಹೇಳಿದರು.

ಹೊರಡುವ ಮುನ್ನ ಒಂದು ಕೊನೆಯ ಪರೀಕ್ಷೆ ಉಳಿದಿತ್ತು. “ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ ಸಾರ್. ಹಿಮ್ಮಡಿ, ಬೆನ್ನು ತಾಗಲಿ. ಈಗ ತಲೆಯನ್ನೂ ತಾಗಿಸಿ.” ತಲೆ ತಾಗಲಿಲ್ಲ. ಸಹಾಯಕ ಅಳತೆಪಟ್ಟಿಯಿಂದ ತಲೆಗೂ ಗೋಡೆಗೂ ನಡುವಿನ ಅಂತರವನ್ನು ಅಳೆದು ಬರೆದುಕೊಂಡ. ಮುಂದಿನ ವರ್ಷ ಇದೇ ಅಳತೆಯನ್ನು ಹೋಲಿಸಿ ನೋಡುವುದಕ್ಕಾಗಿ, ಅಷ್ಟೆ.

ಬಸ್ಸಿನಲ್ಲಿ ಹಿಂದಿರುಗುವಾಗ ಮೇಷ್ಟರು ಮಗನೊಡನೆ ಮಾತಾಡಲಿಲ್ಲ. 1978ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗನ ತಲೆಯೂ ಗೋಡೆಗೆ ತಾಗುತ್ತಿರಲಿಲ್ಲ. ಪ್ರಸಾದನಿಲಯದಲ್ಲಿದ್ದವನು, ಮಾತು ಕಡಿಮೆ, ಓಟದಲ್ಲಿ ಚುರುಕು. ಎದೆಯ ಹಿಂದೆ ದುಂಡಗೆ ಉಬ್ಬಿದ ಬೆನ್ನು. ಹತ್ತು ನಿಮಿಷ, ಇನ್ನೂ ಹತ್ತು ನಿಮಿಷ, ವಾರಗಟ್ಟಲೆ ನಿಲ್ಲಿಸಿದ್ದಾಯಿತು. ಹುಡುಗ ಬೆವರುತ್ತಿದ್ದ, ತಲೆಯನ್ನು ಹಿಂದಕ್ಕೆ ಒತ್ತುತ್ತಿದ್ದ, ಕತ್ತು ನಡುಗುತ್ತಿತ್ತು. ಮೊಂಡನೆಂದು ಬಗೆದ ಮೇಷ್ಟರು ಆ ವರ್ಷದ ಸ್ವಾತಂತ್ರ್ಯ ದಿನದ ಬೆಳಗ್ಗೆ, ಅತಿಥಿಗಳ ಎದುರು ಸಾಲು ಕೆಡುತ್ತದೆಂದು ಹೇಳಿ ಅವನನ್ನು ಕವಾಯತಿನಿಂದ ಹೊರಗೆ ನಿಲ್ಲಿಸಿದ್ದರು.

ಎರಡನೆಯ ಸಲ ವೈದ್ಯರಲ್ಲಿಗೆ ಹೋದಾಗ ಅವರು ಕೇಳಿದ್ದು ತಮ್ಮ ಬೆನ್ನಿನ ವಿಚಾರವನ್ನಲ್ಲ. ವೈದ್ಯರು, ಕಾಣದ ರೋಗಿಯ ಬಗ್ಗೆ ಖಂಡಿತವಾಗಿ ಹೇಳಲಾರೆನೆಂದು ಮೊದಲೇ ತಿಳಿಸಿ, ಡೆನ್ಮಾರ್ಕಿನ ಷೋಯರ್ಮನ್ ಎಂಬ ವೈದ್ಯ ನೂರು ವರ್ಷಗಳ ಹಿಂದೆಯೇ ವರ್ಣಿಸಿದ ಒಂದು ಸ್ಥಿತಿಯನ್ನು ವಿವರಿಸಿದರು. ಹರೆಯದ ಬೆಳವಣಿಗೆಯಲ್ಲಿ ಎದೆಯ ಹಿಂದಿನ ಕೆಲವು ಮಣಿಗಳು ಮುಂದೆ ತಗ್ಗಿ ಬೆಣೆಯಾಕಾರ ತಾಳುತ್ತವೆ. ಅಂಥ ಬೆನ್ನನ್ನು ಮನಸ್ಸು ಮಾಡಿ ನೇರಗೊಳಿಸಲಾಗದು. ಕೂರುವ ಅಭ್ಯಾಸದಿಂದ ಬಾಗಿದ ಬೆನ್ನಾದರೆ ಹುಡುಗ ಬೋರಲು ಮಲಗಿ ಎದೆ ಎತ್ತಿದಾಗ ಸಪಾಟಾಗುತ್ತದೆ, ಇದು ಆಗುವುದಿಲ್ಲ. ವ್ಯತ್ಯಾಸ ತಿಳಿಯಲು ಒಂದು ಚಾಪೆ ಸಾಕು. ಮೇಷ್ಟರು ಅಲ್ಲಿಂದ ನೇರವಾಗಿ ಶಾಲೆಗೆ ಬಂದು ಈಗಿನ ವ್ಯಾಯಾಮ ಶಿಕ್ಷಕರಿಗೆ ಈ ಚಾಪೆಯ ಪರೀಕ್ಷೆಯನ್ನು ಹೇಳಿಕೊಟ್ಟರು. ಸಪಾಟಾಗದ ಬೆನ್ನು ಕಂಡರೆ ತಂದೆತಾಯಿಗಳಿಗೆ ಚೀಟಿ ಬರೆಯಿರಿ ಎಂದು ಕೇಳಿಕೊಂಡರು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.

ಹಳೆಯ ದಾಖಲಾತಿ ಪುಸ್ತಕದಿಂದ ಆ ಹುಡುಗನ ಊರು ತಿಳಿಯಿತು. ಶಾಲೆಯಿಂದ ಇಪ್ಪತ್ತೆರಡು ಮೈಲಿ. ಈಗ ಅರವತ್ತು ದಾಟಿದ ಶಿಷ್ಯ ಅಡಕೆಯ ತೋಟದಲ್ಲಿದ್ದ. ಬೆನ್ನು ಹಾಗೆಯೇ ಇತ್ತು. “ಬನ್ನಿ ಮೇಷ್ಟ್ರೇ” ಎಂದು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕಲ್ಲಿನ ಮೇಲೆ ಹಾಸಿದ. ಮೇಷ್ಟರು ಗೋಡೆಯ ವಿಷಯವನ್ನು ಎತ್ತಿದರು.

“ಗೋಡೆ ಬಿಡಿ ಮೇಷ್ಟ್ರೇ, ಎಲ್ರನ್ನೂ ನಿಲ್ಲಿಸ್ತಿದ್ರಿ. ಆ ಆಗಸ್ಟ್ ಹದಿನೈದು ಮಾತ್ರ ನೆನಪೈತೆ. ಅವ್ವ ನೋಡಕ್ಕೆ ಅಂತ ಮೊದಲ್ನೇ ಬಸ್ಸಿಗೆ ಬಂದಿದ್ಲು.”

ಮೇಷ್ಟರಿಗೆ ಅದು ಗೊತ್ತಿರಲಿಲ್ಲ. ತಪ್ಪಾಯಿತು ಎಂದರು. ಶಿಷ್ಯ ಉತ್ತರ ಹೇಳಲಿಲ್ಲ. ಎಳನೀರು ಕೆತ್ತಿ ಕೊಟ್ಟ. ಆಮೇಲೆ, ಗೊಬ್ಬರದ ಮಂಕರಿ ಹೊತ್ತ ದಿನ ರಾತ್ರಿ ಬೆನ್ನು ಹಿಡಿಯುತ್ತದೆಂದೂ ಯಾರಿಗೂ ತೋರಿಸಿಲ್ಲವೆಂದೂ ತಾನಾಗಿ ಹೇಳಿದ. ಮೇಷ್ಟರು ವೈದ್ಯರು ಸಿಗುವ ವಾರಗಳನ್ನು ಚೀಟಿಯೊಂದರಲ್ಲಿ ಬರೆದು, ನಿಂತುಕೊಂಡೇ ಫಿಲಂ ತೆಗೆಸಬೇಕೆಂದು ಅಡಿಗೆರೆ ಎಳೆದು ಕೊಟ್ಟರು.

“ಕೊಯ್ಲು ಮುಗೀಲಿ ಮೇಷ್ಟ್ರೇ, ನೋಡಾನ” ಎಂದು ಅವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಮೇಷ್ಟರನ್ನು ಬಸ್ಸಿಗೆ ಬಿಡಲು ತೋಟದ ಬದುವಿನ ಮೇಲೆ ಇಬ್ಬರೂ ನಡೆದರು. ಶಿಷ್ಯ ಮುಂದೆ, ಮೇಷ್ಟರು ಹಿಂದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ತಂಗುದಾಣದಲ್ಲಿ ಕೂರಲು ಜಾಗವಿರಲಿಲ್ಲವಾಗಿ, ಇಬ್ಬರೂ ಅಲ್ಲಿನ ಕಂಬಕ್ಕೆ ಒರಗಿಕೊಂಡು, ಆ ವರ್ಷದ ಅಡಕೆಯ ಧಾರಣೆಯನ್ನು ಮಾತಾಡುತ್ತ ನಿಂತರು.